ಪೀಠಾ ಎಂಬ ಮರೆತ ಅಂಗಡಿ: ಗುಜರಾತಿನ ಗಡಂಗುಗಳ ನೆನಪು

ಬ್ಯಾಂಕಿನ ವರ್ಗಾವಣೆಯ ಮೇಲೆ ಸೂರತ್ ನಗರಕ್ಕೆ ಬಂದ ಹೊಸತರಲ್ಲಿ ನಮಗೆ ಮೊದಲು ಪರಿಚಯವಾದದ್ದು ಊರಿನ ಬೀದಿಗಳಲ್ಲ, ಲೆಡ್ಜರಿನಲ್ಲಿದ್ದ ಖಾತೆದಾರರ ಅಡ್ಡಹೆಸರುಗಳು. ದಾರೂವಾಲಾ, ತಾಡಿವಾಲಾ, ಪೀಠಾವಾಲಾ. ಮೊದಲಿನ ಎರಡು ಹೆಸರುಗಳ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರನೆಯದನ್ನು ಓದಿದಾಗ ಕನ್ನಡಿಗರಾದ ನಮಗೆ ಶೃಂಗೇರಿಯ ಪೀಠ ನೆನಪಾಗಿ, ಇವರು ಯಾವುದೋ ಮಠದ ಕಡೆಯವರಿರಬೇಕೆಂದು ಭಾವಿಸಿದೆವು. ಪಕ್ಕದ ಮೇಜಿನ ಗುಜರಾತಿ ಸಹೋದ್ಯೋಗಿ ಮನಸಾರೆ ನಕ್ಕು, “ಸಾಹೇಬ್, ಪೀಠಾ ಎಂದರೆ ಮಠವಲ್ಲ. ಸೌದೆ ಮಾರುವ ಜಾಗವೂ ಪೀಠಾ, ಸಾರಾಯಿ ಮಾರುವ ಜಾಗವೂ ಪೀಠಾ” ಎಂದು ತಿದ್ದಿದರು.

ಮದ್ಯದಂಗಡಿಯೇ ಇಲ್ಲದ ರಾಜ್ಯದಲ್ಲಿ ಮದ್ಯದಂಗಡಿಯ ಹೆಸರು ಚೆಕ್ಕುಪುಸ್ತಕದ ಮೇಲೆ ಬದುಕಿ ಉಳಿದಿರುವುದು ನಮಗೆ ಅಂದಿನಿಂದಲೂ ಕುತೂಹಲದ ಸಂಗತಿಯಾಗಿದೆ. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಲ್ಲಿ ಹೆಚ್ಚಿನವು ಗುಜರಾತನ್ನು ಹುಟ್ಟಿನಿಂದಲೇ ‘ಒಣ ರಾಜ್ಯ’ವೆಂದು ತಿಳಿದಿವೆ. ವಾಸ್ತವದಲ್ಲಿ ಹಾಗಿರಲಿಲ್ಲ. ಇಲ್ಲಿಯೂ ಬೀದಿಬೀದಿಯ ಗಡಂಗುಗಳಿದ್ದವು, ಅವುಗಳಿಗೊಂದು ಲೆಕ್ಕಾಚಾರವಿತ್ತು, ಅವು ಮುಚ್ಚಿಹೋದುದಕ್ಕೆ ಒಂದು ದೀರ್ಘ ಕಥೆಯಿದೆ. ಅದನ್ನು ತಿಳಿದಷ್ಟು ಮಟ್ಟಿಗೆ ಇಲ್ಲಿ ಕ್ರಮವಾಗಿ ಹೇಳುವುದು ನಮ್ಮ ಉದ್ದೇಶ.

ಪೀಠಾ ನಡೆಯುತ್ತಿದ್ದ ಬಗೆ

ಗುಜರಾತಿನ ದಕ್ಷಿಣ ಭಾಗದಲ್ಲಿ ಎರಡು ಬಗೆಯ ಪಾನೀಯಗಳು ಬಳಕೆಯಲ್ಲಿದ್ದವು. ಒಂದು, ಈಚಲು ಮತ್ತು ತಾಳೆ ಮರಗಳಿಂದ ಇಳಿಸಿದ ತಾಡಿ. ನಮ್ಮ ಕಡೆಯ ಸೇಂದಿ. ಇನ್ನೊಂದು, ಹಿಪ್ಪೆಯ ಹೂವನ್ನು ಕೊಳೆಹಾಕಿ ಬಟ್ಟಿ ಇಳಿಸಿದ ದಾರೂ. ಆದಿವಾಸಿಗಳ ಮನೆಗಳಲ್ಲಿ ಇವು ಹಬ್ಬಕ್ಕೂ ಮದುವೆಗೂ ದೈವದ ಎಡೆಗೂ ಬೇಕಾದ ವಸ್ತುಗಳಾಗಿದ್ದವು. ಅಂಗಡಿಯ ಹಂಗು ಇರಲಿಲ್ಲ.

1878ರ ಮುಂಬಯಿ ಅಬಕಾರಿ ಕಾಯ್ದೆಯಿಂದ ಈ ವ್ಯವಸ್ಥೆ ಬದಲಾಯಿತು. ಊರಿನವರು ತಾವೇ ಬಟ್ಟಿ ಇಳಿಸುವುದು ಅಪರಾಧವಾಯಿತು. ಸರ್ಕಾರದ ಹಿಡಿತದಲ್ಲಿದ್ದ ಭಟ್ಟಿಗಳಲ್ಲಿ ತಯಾರಾದ ಮದ್ಯವನ್ನು ಪರವಾನಗಿ ಪಡೆದ ಅಂಗಡಿಯಲ್ಲಿ ಮಾತ್ರ ಕೊಳ್ಳಬೇಕಾಯಿತು. ತಾಡಿ ಇಳಿಸುವ ಮರಕ್ಕೂ ತೆರಿಗೆ ಬಿತ್ತು. ಮಾರಾಟದ ಹಕ್ಕು ಗುತ್ತಿಗೆಯ ಮೂಲಕ ಹಣವುಳ್ಳವರ ಕೈಸೇರಿತು. ದಕ್ಷಿಣ ಗುಜರಾತಿನಲ್ಲಿ ಈ ವ್ಯಾಪಾರ ಬಹುಮಟ್ಟಿಗೆ ಪಾರಸಿ ವರ್ತಕರದಾಗಿತ್ತು. ‘ಪೀಠಾ’ ಎಂಬುದು ಹೀಗೆ ಬೆಳೆದ ಅಂಗಡಿ.

ಬ್ಯಾಂಕಿನವರಾದ ನಮಗೆ ಈ ಅಂಗಡಿಯಲ್ಲಿ ಕಾಣುವುದು ಗಾಜಿನ ಲೋಟಕ್ಕಿಂತ ಮೊದಲು ಕಡದ ಪುಸ್ತಕ. ಕೂಲಿಯವನಿಗೂ ಬೇಸಾಯಗಾರನಿಗೂ ಕೈಯಲ್ಲಿ ರೊಕ್ಕವಿಲ್ಲದ ತಿಂಗಳುಗಳೇ ಹೆಚ್ಚು. ಅಂಗಡಿಯವನು ಸಾಲವಾಗಿ ಕುಡಿಸುತ್ತಿದ್ದ, ಬೇಕಾದಾಗ ಕೈಗಡವನ್ನೂ ಕೊಡುತ್ತಿದ್ದ. ಸುಗ್ಗಿಯ ಹೊತ್ತಿಗೆ ಬಡ್ಡಿ ಸೇರಿಸಿ ವಸೂಲು ಮಾಡುತ್ತಿದ್ದ. ತೀರದಿದ್ದರೆ ಹೊಲವೇ ಕೈತಪ್ಪುತ್ತಿತ್ತು. ದಕ್ಷಿಣ ಗುಜರಾತಿನ ಆದಿವಾಸಿ ಹಳ್ಳಿಗಳಲ್ಲಿ ಮದ್ಯದ ವ್ಯಾಪಾರಿಯೇ ಲೇವಾದೇವಿಗಾರನೂ ಜಮೀನುದಾರನೂ ಆದದ್ದನ್ನು ಇತಿಹಾಸಕಾರ ಡೇವಿಡ್ ಹಾರ್ಡಿಮನ್ ವಿವರವಾಗಿ ಬರೆದಿದ್ದಾರೆ. ಹಳ್ಳಿಗೆ ಬ್ಯಾಂಕಿನ ಶಾಖೆ ಬರುವುದಕ್ಕೆ ಎಷ್ಟೋ ದಶಕ ಮೊದಲೇ ಅಲ್ಲಿ ಸಾಲದ ಶಾಖೆಯೊಂದು ತೆರೆದಿತ್ತು. ಅದರ ಅಡಮಾನ ಮಾತ್ರ ಬಲು ದುಬಾರಿಯದಾಗಿತ್ತು.

ಬಾಗಿಲ ಮುಂದೆ ನಿಂತವರು

1922ರ ನವೆಂಬರ್‌ನಲ್ಲಿ ಸೂರತ್ ಜಿಲ್ಲೆಯ ಆದಿವಾಸಿಗಳ ನಡುವೆ ಒಂದು ವಿಚಿತ್ರ ಸಂಗತಿ ನಡೆಯಿತು. ಸಲಾಬಾಯಿ ಎಂಬ ದೇವಿ ಜನರ ಮೈಮೇಲೆ ಬಂದು, ದಾರೂ ಮತ್ತು ತಾಡಿ ಬಿಡಿ, ಮಾಂಸ ಬಿಡಿ, ದಿನವೂ ಸ್ನಾನ ಮಾಡಿ, ಮದ್ಯದ ವ್ಯಾಪಾರಿಯ ಕೆಲಸಕ್ಕೆ ಹೋಗಬೇಡಿ ಎಂದು ಅಪ್ಪಣೆ ಕೊಡಿಸುತ್ತಿದ್ದಳು. ಹಳ್ಳಿಯಿಂದ ಹಳ್ಳಿಗೆ ಈ ಅಪ್ಪಣೆ ಹರಡಿ ಪೀಠಾಗಳು ಬಿಕೋ ಎನ್ನತೊಡಗಿದವು. ಹೊರಗಿನ ಉಪದೇಶಕರು ಬಂದು ಕುಡಿತ ಬಿಡಿಸುವ ಮೊದಲೇ ಕುಡಿಯುವವರು ತಾವಾಗಿ ಆ ಅಂಗಡಿಗೆ ಬೆನ್ನು ತಿರುಗಿಸಿದ್ದರೆಂಬುದು ಇಲ್ಲಿ ಗಮನಿಸತಕ್ಕ ಮಾತು.

ಕನ್ನಡ ನಾಡಿನ ನೆನಪಿನಲ್ಲಿ ಇದಕ್ಕೊಂದು ಜೊತೆಯಿದೆ. 1921ರ ಜುಲೈ 1ರಂದು ಧಾರವಾಡದಲ್ಲಿ ಮದ್ಯದಂಗಡಿಯ ಮುಂದೆ ಪಿಕೆಟಿಂಗ್ ನಡೆದಿದ್ದಾಗ ಪೊಲೀಸರು ಗುಂಡು ಹಾರಿಸಿ ಮೂವರು ಖಿಲಾಫತ್ ಕಾರ್ಯಕರ್ತರು ಪ್ರಾಣ ತೆತ್ತರು. ಅಂದು ಧಾರವಾಡವೂ ಸೂರತ್ತೂ ಒಂದೇ ಮುಂಬಯಿ ಪ್ರಾಂತ್ಯದ ಜಿಲ್ಲೆಗಳು. ಒಂದೇ ಅಬಕಾರಿ ಇಲಾಖೆ, ಒಂದೇ ಖಜಾನೆ.

1930ರ ಏಪ್ರಿಲ್‌ನಲ್ಲಿ ದಾಂಡಿಯ ಉಪ್ಪಿನ ಸತ್ಯಾಗ್ರಹ ಮುಗಿಯುತ್ತಿದ್ದಂತೆಯೇ ಗಾಂಧೀಜಿ ಮದ್ಯದಂಗಡಿ ಮತ್ತು ವಿದೇಶಿ ಬಟ್ಟೆಯಂಗಡಿಗಳ ಪಿಕೆಟಿಂಗನ್ನು ವಿಶೇಷವಾಗಿ ಹೆಂಗಸರಿಗೆ ವಹಿಸಿದರು. ಸೂರತ್ ಜಿಲ್ಲೆಯಲ್ಲಿ ಈ ಕೆಲಸದ ಮುಂದಾಳಾದವರು ಮೀಠುಬೆನ್ ಪೆಟಿಟ್. ಅವರು ಮುಂಬಯಿಯ ಸಿರಿವಂತ ಪಾರಸಿ ಮನೆತನದ ಮಗಳು. ತಮ್ಮ ಸಮುದಾಯದವರೇ ಬಹುವಾಗಿ ನಡೆಸುತ್ತಿದ್ದ ಅಂಗಡಿಗಳ ಬಾಗಿಲಲ್ಲಿ ಖಾದಿಯುಟ್ಟು ನಿಲ್ಲುವುದು ಎಷ್ಟು ಕಠಿಣವಾಗಿದ್ದಿರಬೇಕೆಂದು ಊಹಿಸಬಹುದು. ಮುಂದೆ ಅವರು ಮರೋಲಿಯಲ್ಲಿ ಆಶ್ರಮ ಕಟ್ಟಿಕೊಂಡು ಆದಿವಾಸಿಗಳ ನಡುವೆಯೇ ಬಾಳಿದರು. ಪೀಠಾದ ಇತಿಹಾಸವನ್ನು ಒಂದು ಸಮುದಾಯದ ತಲೆಗೆ ಕಟ್ಟುವವರು ಈ ಹೆಸರನ್ನು ಮರೆಯಬಾರದು.

ಬಾಗಿಲು ಮುಚ್ಚಿದ ವರ್ಷಗಳು

1937ರಲ್ಲಿ ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಸರ್ಕಾರಗಳು ಬಂದಾಗ ಪಾನನಿಷೇಧ ಕೇವಲ ಭಾಷಣದ ವಿಷಯವಾಗಿ ಉಳಿಯಲಿಲ್ಲ. ಮದರಾಸಿನಲ್ಲಿ ರಾಜಾಜಿ ಅದೇ ವರ್ಷದ ಅಕ್ಟೋಬರ್ 1ರಿಂದ ಸೇಲಂ ಜಿಲ್ಲೆಯಲ್ಲಿ ಅದನ್ನು ಜಾರಿಗೆ ತಂದರು. ಮುಂಬಯಿ ಪ್ರಾಂತ್ಯದಲ್ಲಿ ಬಿ.ಜಿ. ಖೇರ್ ಅವರ ಮಂತ್ರಿಮಂಡಲ ಪ್ರಯೋಗಕ್ಕೆ ಆರಿಸಿಕೊಂಡ ದೊಡ್ಡ ನಗರ ಅಹಮದಾಬಾದ್. 1938ರ ಜುಲೈನಲ್ಲಿ ಅಲ್ಲಿ ಪಾನನಿಷೇಧ ಜಾರಿಯಾಯಿತು. ಅದನ್ನು ನಡೆಸಿದ ಅಬಕಾರಿ ಮಂತ್ರಿ ಡಾ. ಎಂ.ಡಿ. ಗಿಲ್ಡರ್, ಅವರೂ ಪಾರಸಿಗಳೇ.

ಅಹಮದಾಬಾದನ್ನೇ ಆರಿಸಿದ್ದು ಆಕಸ್ಮಿಕವಲ್ಲ. ಗೋಮತಿಪುರ, ಸರಸಪುರ ಮುಂತಾದ ಕಡೆಗಳಲ್ಲಿ ಬಟ್ಟೆ ಗಿರಣಿಗಳ ಕಾರ್ಮಿಕರು ಚಾಳುಗಳಲ್ಲಿ ತುಂಬಿದ್ದರು. ಅನಸೂಯಾ ಸಾರಾಭಾಯಿ ಮತ್ತು ಗಾಂಧೀಜಿಯವರ ನೇತೃತ್ವದಲ್ಲಿ 1920ರಲ್ಲಿ ಹುಟ್ಟಿದ ಮಜೂರ್ ಮಹಾಜನ್ ಸಂಘ ಕೂಲಿಯ ದರಕ್ಕಾಗಿ ಹೋರಾಡಿದಷ್ಟೇ ಶ್ರದ್ಧೆಯಿಂದ ಕುಡಿತ ಬಿಡಿಸಲೂ ದುಡಿದಿತ್ತು. ಸಂಬಳದ ದಿನ ಗಿರಣಿಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಹೋಗುವ ದಾರಿಯಲ್ಲಿ ಹಣ ಎಷ್ಟು ಉಳಿಯುತ್ತದೆಂಬುದೇ ಆ ಮನೆಗಳ ಮುಖ್ಯ ಪ್ರಶ್ನೆಯಾಗಿತ್ತು.

1939ರಲ್ಲಿ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟಮೇಲೆ ಈ ಪ್ರಯತ್ನ ಸಡಿಲಗೊಂಡಿತು. ಸ್ವಾತಂತ್ರ್ಯ ಬಂದ ನಂತರ 1949ರ ಮುಂಬಯಿ ಪಾನನಿಷೇಧ ಕಾಯ್ದೆ ರಚಿತವಾಗಿ, 1950ರ ಏಪ್ರಿಲ್‌ನಿಂದ ರಾಜ್ಯಾದ್ಯಂತ ಪೂರ್ಣ ನಿಷೇಧ ಜಾರಿಗೆ ಬಂತು. ಗಾಯಕವಾಡರ ಬರೋಡಾ ಸಂಸ್ಥಾನ 1949ರ ಮೇ 1ರಂದು ಮುಂಬಯಿಯಲ್ಲಿ ವಿಲೀನವಾಗಿತ್ತು. ಹಾಗಾಗಿ ವಡೋದರಾ ನಗರವೂ ಇದೇ ಕಾಯ್ದೆಗೆ ಒಳಪಟ್ಟಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಆಗ ಮುಂಬಯಿಯಲ್ಲೇ ಇದ್ದುದರಿಂದ ನಮ್ಮ ಉತ್ತರ ಕರ್ನಾಟಕದ ಅಂಗಡಿಗಳಿಗೂ ಸೂರತ್‌ನ ಪೀಠಾಗಳಿಗೂ ಬೀಗ ಬಿದ್ದದ್ದು ಒಂದೇ ಕಾಯ್ದೆಯಿಂದ. ಆ ಜಿಲ್ಲೆಗಳಿಂದ ಇಲ್ಲಿಗೆ ಬಂದ ಕುಟುಂಬಗಳ ಹಿರಿಯರಿಗೆ ಗುಜರಾತಿನ ನಿಷೇಧ ಅಪರಿಚಿತವಾಗಿ ತೋರದಿದ್ದುದಕ್ಕೆ ಇದೂ ಒಂದು ಕಾರಣವಿದ್ದೀತು.

ಕಾಯ್ದೆಯನ್ನು ಎಫ್.ಎನ್. ಬಲ್ಸಾರಾ ಎಂಬವರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1951ರಲ್ಲಿ ಸುಪ್ರೀಂ ಕೋರ್ಟ್, ಔಷಧಿ ಹಾಗೂ ಸೌಂದರ್ಯ ಸಾಮಗ್ರಿಗಳಲ್ಲಿ ಮದ್ಯಸಾರದ ಬಳಕೆಗೆ ಸಂಬಂಧಿಸಿದಂಥ ಕೆಲವು ಅಂಶಗಳನ್ನು ತೆಗೆದುಹಾಕಿ ಉಳಿದುದನ್ನು ಎತ್ತಿಹಿಡಿಯಿತು. 1960ರ ಮೇ 1ರಂದು ಗುಜರಾತ್ ಬೇರೆ ರಾಜ್ಯವಾದಾಗ ಈ ಕಾಯ್ದೆಯನ್ನು ತನ್ನೊಡನೆ ತಂದುಕೊಂಡು ಬಿಡದೆ ಕಾಪಾಡಿಕೊಂಡಿತು. ಮಹಾರಾಷ್ಟ್ರ ಪರ್ಮಿಟ್ ರೂಮುಗಳ ದಾರಿ ಹಿಡಿಯಿತು. ಮೈಸೂರು ರಾಜ್ಯ 1965ರ ಅಬಕಾರಿ ಕಾಯ್ದೆಯೊಂದಿಗೆ ಬೇರೆ ದಾರಿ ಹಿಡಿಯಿತು.

ಆ ಜಾಗಕ್ಕೆ ಬಂದುದೇನು?

ಒಂದು ಅಂಗಡಿ ಮುಚ್ಚಿದರೂ ದುಡಿದು ಬಂದವನಿಗೆ ಸಂಜೆ ಕುಳಿತುಕೊಳ್ಳಲು ಒಂದು ಜಾಗ ಬೇಕೇಬೇಕು. ಅಹಮದಾಬಾದಿನಲ್ಲಿ ಆ ಜಾಗವನ್ನು ಬಹುಮಟ್ಟಿಗೆ ತುಂಬಿದ್ದು ಚಹಾದ ‘ಕಿಟ್ಲಿ’. ಕೆಟಲ್ಲಿನಿಂದ ಹೆಸರು ಪಡೆದ ಈ ಬೀದಿಬದಿಯ ಚಹಾದಂಗಡಿಯಲ್ಲಿ ಅರ್ಧ ಲೋಟ ಚಹಾ ಹಿಡಿದು ಷೇರುಪೇಟೆಯಿಂದ ರಾಜಕೀಯದವರೆಗೆ ಮಾತಾಡುವವರನ್ನು ನಾವೆಲ್ಲ ಕಂಡಿದ್ದೇವೆ. ರಾತ್ರಿ ಮಾಣೆಕ್ ಚೌಕದ ತಿಂಡಿಯಂಗಡಿಗಳಲ್ಲಿ ಸಂಸಾರ ಸಮೇತರಾಗಿ ಕುಳಿತವರನ್ನೂ ಕಂಡಿದ್ದೇವೆ. ಚಳಿಗಾಲದ ಬೆಳಗಿನಲ್ಲಿ ಸೂರತ್‌ನ ಮಳಿಗೆಗಳಲ್ಲಿ ಸಿಗುವ ನೀರಾ ತಾಡಿಯ ಮರದ್ದೇ ಮಗು, ಹುಳಿಯುವ ಮೊದಲೇ ಬೆಳಗಾಗೆದ್ದು ಕುಡಿಯತಕ್ಕದ್ದು. ಗುಜರಾತಿನಲ್ಲಿ ಹೆಣ್ಣುಮಕ್ಕಳು ರಾತ್ರಿ ಹೊತ್ತಿನಲ್ಲೂ ನಿರಾತಂಕವಾಗಿ ಓಡಾಡುತ್ತಾರೆಂದು ನಮ್ಮ ಮನೆಗಳ ಹೆಂಗಸರು ಊರಿಗೆ ಹೋದಾಗ ಹೆಮ್ಮೆಯಿಂದ ಹೇಳುವುದುಂಟು. ಅದರ ಯಶಸ್ಸನ್ನು ಅವರು ಪಾನನಿಷೇಧಕ್ಕೇ ಸಲ್ಲಿಸುತ್ತಾರೆ.

ಇದರ ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ಲೆಕ್ಕ ತಾಳೆಯಾಗದು. ಅಂಗಡಿ ಹೋಯಿತು, ಕುಡಿತ ಸಂಪೂರ್ಣವಾಗಿ ಹೋಗಲಿಲ್ಲ. ಅದು ಬೆಳಕಿನಿಂದ ಕತ್ತಲೆಗೆ ಸರಿಯಿತು. 2009ರ ಜುಲೈನಲ್ಲಿ ಅಹಮದಾಬಾದಿನಲ್ಲಿ ‘ಲಠ್ಠಾ’ ಎನ್ನುವ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. 2022ರ ಜುಲೈನಲ್ಲಿ ಬೋಟಾದ್ ಮತ್ತು ಅಹಮದಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಮಿಥೈಲ್ ಆಲ್ಕೊಹಾಲ್ ನಲವತ್ತಕ್ಕೂ ಹೆಚ್ಚು ಜೀವಗಳನ್ನು ತೆಗೆಯಿತು. ಸತ್ತವರಲ್ಲಿ ಹೆಚ್ಚಿನವರು ಬಡವರೇ. ಆರೋಗ್ಯದ ಕಾರಣಕ್ಕೆ ಪರ್ಮಿಟ್ ಪಡೆಯುವ ಅನುಕೂಲ ಉಳ್ಳವರಿಗೆ ಮೊದಲಿನಿಂದಲೂ ಇದೆ. 2023ರ ಡಿಸೆಂಬರ್‌ನಲ್ಲಿ ಗಾಂಧಿನಗರದ ಗಿಫ್ಟ್ ಸಿಟಿಯಲ್ಲಿ ಸರ್ಕಾರ ನಿಯಮವನ್ನು ಸಡಿಲಿಸಿದ್ದು ಅಲ್ಲಿ ಉದ್ಯೋಗ ಮಾಡುವವರಿಗಾಗಿ ಮತ್ತು ಅವರ ಅಧಿಕೃತ ಅತಿಥಿಗಳಿಗಾಗಿ. ಆದರೆ ಅಂಗಡಿ ತೆರೆದಿದ್ದರೆ ಸಾವು ತಪ್ಪುತ್ತಿತ್ತೆಂದು ಸುಲಭವಾಗಿ ತೀರ್ಪು ಕೊಡುವಂತೆಯೂ ಇಲ್ಲ. ಅಂಗಡಿಗಳೆಲ್ಲ ತೆರೆದೇ ಇದ್ದ ಬೆಂಗಳೂರಿನಲ್ಲಿ 1981ರ ಜುಲೈನಲ್ಲಿ ಕಳ್ಳಭಟ್ಟಿಗೆ ಬಲಿಯಾದವರು ಮುನ್ನೂರಕ್ಕೂ ಹೆಚ್ಚು.

ಯಾರ ನೆನಪು?

ಬೆಂಗಳೂರಿನ ನೆಂಟರು ಬಂದಾಗ ಮರೆಯಾದ ಬಾರುಗಳ ಮಾತು ಆಗಾಗ ಬರುತ್ತದೆ. ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲಿನ ಮರಗಳ ನೆರಳು, ಕಾಕ್‌ಬರ್ನ್ ರಸ್ತೆಯ ಡೀವರ್ಸ್‌ನ ಬೆತ್ತದ ಕುರ್ಚಿಗಳು, ಚರ್ಚ್ ಸ್ಟ್ರೀಟಿನ ನಾಸಾ ಪಬ್ಬು. ಇವುಗಳ ಕುರಿತು ಪತ್ರಿಕೆಗಳಲ್ಲಿ ಎಷ್ಟೋ ಅಂಕಣಗಳು ಬಂದಿವೆ. ವಿಕ್ಟೋರಿಯಾ ಇದ್ದಲ್ಲಿ ಈಗಾಗಲೇ ಮಾಲ್ ಎದ್ದು ಎರಡು ದಶಕಗಳಾದವು. ಅಲ್ಲಿ ಅಂಗಡಿ ಮುಚ್ಚಿಸಿದ್ದು ಕಾಯ್ದೆಯಲ್ಲ, ನೆಲದ ಬೆಲೆ. ಆದರೆ ಅದೇ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಷೇಧವಾಗಿ ಊರೂರಿನ ಸಾರಾಯಿ ಅಂಗಡಿಗಳು ಒಂದೇ ದಿನ ಮುಚ್ಚಿದವು. ಧಾರವಾಡದಲ್ಲಿ ಗುಂಡು ಹಾರಿದ ದಿನವೂ ಜುಲೈ 1. ಆ ಅಂಗಡಿಗಳಿಗಾಗಿ ಅಂಕಣ ಬರೆದವರನ್ನು ನಾವು ಕಾಣೆವು. ಬೆತ್ತದ ಕುರ್ಚಿಯಲ್ಲಿ ಕುಳಿತವನಿಗೆ ಬರೆಯಲು ಬರುತ್ತಿತ್ತು. ಸಾರಾಯಿ ಅಂಗಡಿಯ ಕಲ್ಲಿನ ಮೇಲೆ ಕುಳಿತವನು ಹೆಬ್ಬೆಟ್ಟು ಒತ್ತುವವನು. ವ್ಯತ್ಯಾಸ ಅಷ್ಟೇ.

ಕನ್ನಡದ ಗಡಂಗಿಗೆ ಜಿ.ಪಿ. ರಾಜರತ್ನಂ ಅವರ ಕೃಪೆಯಿಂದ ಒಬ್ಬ ರತ್ನನಾದರೂ ಸಿಕ್ಕಿದ. ಅವನ ಪಕ್ಕದಲ್ಲಿ ಪುಟ್ನಂಜಿಯೂ ಇದ್ದಳು. ಬಾರುಗಳ ನೆನಪಿನಲ್ಲಿ ಸಾಮಾನ್ಯವಾಗಿ ಕಾಣೆಯಾಗುವವಳು ಆಕೆಯೇ. ಕುಡಿದವನ ನೆನಪಿನಲ್ಲಿ ಗೆಳೆಯರಿರುತ್ತಾರೆ, ಮಾತಿರುತ್ತದೆ, ನಗುವಿರುತ್ತದೆ. ಅಂಗಡಿಯವನ ನೆನಪಿನಲ್ಲಿ ಬಾಕಿಯ ಪಟ್ಟಿಯಿರುತ್ತದೆ. ಮನೆಯಲ್ಲಿ ಸೊಡರು ಹಚ್ಚಿಕೊಂಡು ಸಂಬಳಕ್ಕಾಗಿ ಕಾದವಳ ನೆನಪಿನಲ್ಲಿ ಇರುವುದು ಬೇರೆಯೇ. 1930ರಲ್ಲಿ ಪೀಠಾದ ಬಾಗಿಲಿಗೆ ಹೆಂಗಸರೇ ಬಂದು ನಿಂತದ್ದು ಏಕೆಂಬುದಕ್ಕೆ ಉತ್ತರ ಅಲ್ಲಿದೆ. ಮರೆಯಾದ ಅಂಗಡಿಯನ್ನು ಪ್ರಾಮಾಣಿಕವಾಗಿ ನೆನೆಯಬೇಕಾದರೆ ಈ ಮೂರೂ ಪುಟಗಳನ್ನು ಒಟ್ಟಿಗೆ ತೆರೆಯಬೇಕು ಎಂಬುದು ನಮ್ಮ ಅಭಿಪ್ರಾಯ.

ವಡೋದರೆಯಲ್ಲಿ ಲಕ್ಕಡ್‌ಪೀಠಾ ಎಂಬ ರಸ್ತೆಯಿದೆ. ಸೌದೆಯ ಪೀಠಾ ಹೀಗೆ ಬೀದಿಯ ಹೆಸರಿನಲ್ಲಿ ಉಳಿಯಿತು. ಸಾರಾಯಿಯ ಪೀಠಾ ಅಡ್ಡಹೆಸರುಗಳಲ್ಲಿ ಮಾತ್ರ ಉಳಿದಿದೆ. ಅಹಮದಾಬಾದಿನಲ್ಲಿ ನೆಲೆಸಿ ದೇಶಕ್ಕೆಲ್ಲ ಹೆಸರಾಗಿದ್ದ ಜ್ಯೋತಿಷಿ ಬೇಜಾನ್ ದಾರೂವಾಲಾ 2020ರಲ್ಲಿ ತೀರಿಕೊಂಡಾಗ, ಪಾನನಿಷೇಧದ ರಾಜ್ಯವೇ ಆ ಹೆಸರನ್ನು ಗೌರವದಿಂದ ಉಚ್ಚರಿಸಿತು. 1950ರ ಮೊದಲಿನ ಪೀಠಾವನ್ನು ಕಣ್ಣಾರೆ ಕಂಡವರು ಇಂದು ಎಂಬತ್ತು ದಾಟಿದವರು. ಅಂಥ ಹಿರಿಯರು ನಮ್ಮ ಕನ್ನಡ ಮನೆಗಳಲ್ಲಾಗಲಿ ನೆರೆಯ ಗುಜರಾತಿ ಮನೆಗಳಲ್ಲಾಗಲಿ ಇದ್ದರೆ, ಅವರ ಮಾತನ್ನು ಕೇಳಿ ನಾಲ್ಕು ಸಾಲು ಬರೆದಿಡುವುದು ಒಳಿತು. ಮನೆಯ ಅಜ್ಜಿಯನ್ನೂ ಕೇಳಬೇಕು. ಅಂಗಡಿಯ ಒಳಗನ್ನು ಆಕೆ ಕಂಡಿರಲಾರಳು, ಆದರೆ ಅದಕ್ಕೆ ತೆತ್ತ ಬೆಲೆಯನ್ನು ಪೈಸೆಯವರೆಗೆ ಹೇಳಬಲ್ಲಳು.