ಜೇನುನೃತ್ಯದ ಉಪಭಾಷೆಗಳು: ಮಿದುಳಿನ ತೌಲನಿಕ ಅಧ್ಯಯನಕ್ಕೆ ಮೂರು ಜೇನುಗಳ ಸಾಕ್ಷ್ಯ

ಪ್ರಾಣಿಯ ಬುದ್ಧಿಯನ್ನು ಮಿದುಳಿನ ಗಾತ್ರದಿಂದ ಅಳೆಯುವ ಪರಿಪಾಠ ಹಳೆಯದು. ಜೇನಿನ ಮುಂದೆ ಆ ಲೆಕ್ಕ ತಾಳೆಯಾಗುವುದಿಲ್ಲ. ಅದರ ಮಿದುಳು ಹೆಚ್ಚುಕಡಿಮೆ ಒಂದು ಘನ ಮಿಲಿಮೀಟರಿನಷ್ಟು. ಅಲ್ಲಿರುವ ನರಕೋಶಗಳು ಸುಮಾರು 10 ಲಕ್ಷ. ಮನುಷ್ಯನಲ್ಲಿ ಈ ಸಂಖ್ಯೆ ಸುಮಾರು 8,600 ಕೋಟಿ. ಆದರೂ ಜೇನು ತಾನು ಕಂಡ ಹೂವಿನ ದಿಕ್ಕು, ದೂರಗಳನ್ನು ಗೂಡಿನವರಿಗೆ ಕುಣಿದು ತಿಳಿಸುತ್ತದೆ. ಒಂದೇ ದೂರವನ್ನು ಬೇರೆಬೇರೆ ಪ್ರಭೇದಗಳು ಬೇರೆಬೇರೆಯಾಗಿ ಕುಣಿಯುವುದೇಕೆ, ಅಂದರೆ ಕುಣಿತಕ್ಕೆ ಉಪಭಾಷೆಗಳೇಕೆ ಎಂಬುದು ಈ ಲೇಖನದ ಪ್ರಶ್ನೆ. ಮಿದುಳಿನ ಮೂಲ ರಚನೆ ಹಾಗೇ ಉಳಿದು, ಅದರ ಅಳತೆಗೋಲು ಮಾತ್ರ ಬದಲಾದರೂ ನಡವಳಿಕೆ ಬದಲಾಗಬಲ್ಲದು ಎಂದು ಇಲ್ಲಿ ವಾದಿಸಲಾಗಿದೆ.

ಕುಣಿತದ ವ್ಯಾಕರಣ

ತುಡುವೆ ಜೇನು ಮರದ ಪೊಟರೆಯ ಕತ್ತಲಲ್ಲಿ, ನೇತಾಡುವ ಎರಿಯ ಮೇಲೆ ಕುಣಿಯುತ್ತದೆ. ಹೊಟ್ಟೆಯನ್ನು ಎಡಕ್ಕೂ ಬಲಕ್ಕೂ ಬಳುಕಿಸುತ್ತ ನೇರವಾಗಿ ಒಂದಿಷ್ಟು ನಡೆದು, ಸುತ್ತುಹಾಕಿ ಮೊದಲಿನ ಜಾಗಕ್ಕೆ ಬಂದು, ಮತ್ತೆ ಅದೇ ಓಟ. ಹಿಂಬಾಲಿಸುವ ಜೇನುಗಳು ತಮ್ಮ ಮೀಸೆಗಳನ್ನು ಅದರ ಮೈಗೆ ತಾಗಿಸಿಕೊಂಡೇ ಸಾಗುತ್ತವೆ. ಲಂಬರೇಖೆಗೂ ಬಳುಕು ಓಟಕ್ಕೂ ನಡುವಿನ ಕೋನ ಸೂರ್ಯನಿಂದ ಹೂವು ಎಷ್ಟು ಓರೆಯಲ್ಲಿದೆ ಎಂದು ಹೇಳುತ್ತದೆ. ಓಟದ ಅವಧಿ ದೂರವನ್ನು ಹೇಳುತ್ತದೆ. ಈ ಸಂಕೇತವನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1973ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಅವರ ಶಿಷ್ಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಶ್ರೀಲಂಕಾಕ್ಕೆ ಬಂದು ಏಷ್ಯಾದ ಜೇನುಗಳನ್ನು ಹೋಲಿಸಿ ನೋಡಿದರು. ಕೋಲುಜೇನಿನ ಎರಿ ತೆಳು ಕೊಂಬೆಯೊಂದನ್ನು ತಬ್ಬಿರುತ್ತದೆ. ಅದರ ತಲೆಯ ಮೇಲಿನ ಸಮತಟ್ಟಾದ ಜಾಗವೇ ಕುಣಿತದ ಅಂಗಳ. ಬಯಲಲ್ಲಿ ಕುಣಿಯುವ ಕೋಲುಜೇನಿಗೆ ಲಂಬರೇಖೆಯ ಹಂಗಿಲ್ಲ. ಹೂವಿರುವ ಕಡೆಗೇ ಮುಖಮಾಡಿ ಅದು ಓಡುತ್ತದೆ.

ದೂರ ಅಳೆಯುವ ಕಣ್ಣು

ಹಾರಿದ ದೂರ ಜೇನಿಗೆ ತಿಳಿಯುವುದು ದಣಿವಿನಿಂದ ಎಂದು ಬಹುಕಾಲ ನಂಬಲಾಗಿತ್ತು. ಬೆಂಗಳೂರಿನಲ್ಲಿ ಓದಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಮಂಡ್ಯಂ ಶ್ರೀನಿವಾಸನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯದನ್ನೇ ತೋರಿಸಿತು. ಒಳಗೋಡೆಗಳಲ್ಲಿ ಚಿತ್ತಾರ ತುಂಬಿದ ಕಿರಿದಾದ ಸುರಂಗದಲ್ಲಿ ಬರೀ 6 ಮೀಟರ್ ಹಾರಿ ಬಂದ ಜೇನುಗಳು, ನೂರಕ್ಕೂ ಹೆಚ್ಚು ಮೀಟರ್ ಹಾರಿದಂತೆ ಕುಣಿದವು. ಗೋಡೆಯ ಪಟ್ಟೆಗಳನ್ನು ಹಾರಾಟದ ಉದ್ದಕ್ಕೇ ಬಳಿದಾಗ ಆ ದೂರ ಕುಣಿತದಿಂದ ಮಾಯವಾಯಿತು. ಅಂದರೆ ಜೇನು ಲೆಕ್ಕ ಹಾಕುವುದು ಕಣ್ಣೆದುರು ಹಿಂದೆ ಸರಿದುಹೋದ ನೋಟವನ್ನು. ಇದರಿಂದ ತೌಲನಿಕ ಅಧ್ಯಯನಕ್ಕೊಂದು ತೊಡಕು ಹುಟ್ಟುತ್ತದೆ. ದಟ್ಟ ತೋಟದ 300 ಮೀಟರ್, ಬಯಲಿನ 300 ಮೀಟರ್ ಜೇನಿಗೆ ಒಂದೇ ಅಲ್ಲ. ಒಂದು ಪ್ರಭೇದವನ್ನು ಒಂದು ದೇಶದಲ್ಲಿ, ಇನ್ನೊಂದನ್ನು ಮತ್ತೊಂದು ದೇಶದಲ್ಲಿ ಅಳೆದರೆ, ಕಂಡ ವ್ಯತ್ಯಾಸ ಜೇನಿನದೋ ನೆಲದ್ದೋ ಹೇಳಲಾಗದು.

ಮೂರು ಜೇನು, ಒಂದು ಸೀಮೆ

ತುಡುವೆ, ಕೋಲುಜೇನು, ಹೆಜ್ಜೇನು ಮೂರೂ ಒಟ್ಟಿಗೆ ಬದುಕುವ ದಕ್ಷಿಣ ಭಾರತ ಈ ತೊಡಕಿಗೆ ದಾರಿ ತೋರಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆಕ್ಸೆಲ್ ಬ್ರಾಕ್‌ಮನ್ ಅವರೂ ಸೇರಿದ್ದ ತಂಡ 2020ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ದೂರ ಹೆಚ್ಚಿದಂತೆ ತುಡುವೆಯ ಬಳುಕು ಓಟ ಬೇಗಬೇಗ ಉದ್ದವಾಗುತ್ತದೆ, ಕೋಲುಜೇನಿನದು ಮಧ್ಯಮ, ಹೆಜ್ಜೇನಿನದು ಎಲ್ಲಕ್ಕಿಂತ ನಿಧಾನ. ಮೇವಿಗೆ ಹೋಗುವ ವ್ಯಾಪ್ತಿ ಇದಕ್ಕೆ ತಿರುವುಮುರುವು: ತುಡುವೆಯದು ಚಿಕ್ಕದು, ಹೆಜ್ಜೇನಿನದು ದೊಡ್ಡದು.

ಕಾರಣವನ್ನು ತಕ್ಕಡಿಯಿಂದ ತಿಳಿಯಬಹುದು. ಅಕ್ಕಸಾಲಿಗನ ತಕ್ಕಡಿ ಗುಲಗಂಜಿಯ ತೂಕವನ್ನೂ ಬಿಡದೆ ಹೇಳುತ್ತದೆ, ಆದರೆ ಮೂಟೆ ತೂಗದು. ಮಂಡಿಯ ತಕ್ಕಡಿ ಮೂಟೆ ತೂಗುತ್ತದೆ, ಗುಲಗಂಜಿ ಅದಕ್ಕೆ ಕಾಣದು. ಹೆಜ್ಜೇನು ತುಡುವೆಯ ಲೆಕ್ಕದಲ್ಲಿ ಕುಣಿದರೆ ದೂರದ ಮರದ ಸುದ್ದಿಗೆ ಒಂದೊಂದು ಓಟವೂ ವಿಪರೀತ ಉದ್ದವಾದೀತು. ತುಡುವೆ ಹೆಜ್ಜೇನಿನ ಲೆಕ್ಕ ಹಿಡಿದರೆ ಹತ್ತಿರದ ಎರಡು ಹೂಗಿಡಗಳ ಅಂತರವೇ ಅಳಿಸಿಹೋದೀತು.

ಇಲ್ಲಿ ಗಮನಿಸಬೇಕಾದದ್ದು ಕೋಲುಜೇನಿನ ಸ್ಥಾನ. ಮೂವರಲ್ಲಿ ಅತಿ ಚಿಕ್ಕ ಮೈ ಅದರದೇ. ಗಾತ್ರವೊಂದೇ ಉಪಭಾಷೆಯನ್ನು ನಿರ್ಧರಿಸುವಂತಿದ್ದರೆ ಅದು ಸಾಲಿನ ಒಂದು ತುದಿಯಲ್ಲಿರಬೇಕಿತ್ತು, ಇರುವುದು ನಡುವೆ. ಪ್ರಭೇದಗಳನ್ನು ಸಾಲಾಗಿ ನಿಲ್ಲಿಸಿದ್ದು ಮೇವಿನ ವ್ಯಾಪ್ತಿಯೇ ಹೊರತು ಮೈಯ ಅಳತೆಯಲ್ಲ.

ಅಳತೆಗೋಲಿನ ನೆಲೆ

ಮಿದುಳಿನಲ್ಲಿ ಈ ಲೆಕ್ಕ ನಡೆಯುವ ಜಾಗದ ಸುಳಿವು ಮತ್ತೊಂದು ಜೇನಿನಿಂದ ಸಿಕ್ಕಿದೆ. ಮಧ್ಯ ಅಮೆರಿಕದ ಇರುಳುಜೇನು ಮೆಗಾಲೋಪ್ಟಾದ ಮಿದುಳಿನ ನಡುಭಾಗದಲ್ಲಿರುವ ಕೇಂದ್ರ ಸಂಕೀರ್ಣದಲ್ಲಿ, ಸರಿಯುವ ನೋಟಕ್ಕೆ ಮಿಡಿಯುವ ನರಕೋಶಗಳನ್ನು 2017ರಲ್ಲಿ ಗುರುತಿಸಲಾಯಿತು. ಮಿಡತೆ, ನೊಣಗಳಲ್ಲೂ ಈ ಭಾಗದ ಕಟ್ಟಡ ಬಹುಮಟ್ಟಿಗೆ ಒಂದೇ. ಹಾಗಿದ್ದರೆ ಉಪಭಾಷೆಯ ವ್ಯತ್ಯಾಸ ಮೂರು ಕಡೆ ಮೂಡಬಹುದು: ಹೆಚ್ಚು ಎತ್ತರದಲ್ಲಿ ಹಾರಿ ಕಣ್ಣಿಗೆ ಬರುವ ನೋಟವೇ ಕಡಿಮೆಯಾಗುವುದರಿಂದ, ನರಜಾಲ ಅದನ್ನು ಕೂಡಿಡುವ ಪ್ರಮಾಣದಿಂದ, ಅಥವಾ ಕೂಡಿಟ್ಟ ಲೆಕ್ಕವನ್ನು ಕುಣಿತಕ್ಕೆ ಇಳಿಸುವ ಹಂತದಿಂದ.

ಕಲಿಕೆಯ ಪಾತ್ರವನ್ನೂ ಸೇರಿಸಿಕೊಳ್ಳಬೇಕು. ಅನುಭವಿ ಜೇನುಗಳ ಕುಣಿತವನ್ನು ಹಿಂಬಾಲಿಸುವ ಅವಕಾಶವೇ ಸಿಗದೆ ಬೆಳೆದ ಜೇನುಗಳು ದಿಕ್ಕಿನ ತಪ್ಪನ್ನು ಮುಂದೆ ತಿದ್ದಿಕೊಂಡವು, ದೂರದ ತಪ್ಪು ಮಾತ್ರ ಕೊನೆಯವರೆಗೂ ಉಳಿಯಿತು ಎಂದು ಚೀನಾದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ವಿಕಾಸ ಕೊಟ್ಟ ಅಳತೆಗೋಲನ್ನು ಸಮುದಾಯ ಎಳವೆಯಲ್ಲೇ ತಿದ್ದಿ ಕೈಗಿಡುತ್ತದೆ ಎಂದಾಯಿತು.

ಆದ್ದರಿಂದ ಪ್ರಭೇದಗಳ ಮಿದುಳನ್ನು ಹೋಲಿಸುವವರು ನರಕೋಶಗಳ ಎಣಿಕೆಗೆ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಪ್ರಾಣಿ ಮೇವಿಗೆ ಎಷ್ಟು ದೂರ ಹೋಗುತ್ತದೆ? ಉತ್ತರಕ್ಕೆ ಕೊಂಬೆಯ ಕೋಲುಜೇನನ್ನೂ ಬಂಡೆಯ ಹೆಜ್ಜೇನನ್ನೂ ಒಂದೇ ಸೀಮೆಯಲ್ಲಿ ನಿಂತು ನೋಡಬೇಕು.