ಮೈಸೂರು ಮಹಾರಾಜರೂ ಮೆಟ್ನರನ ಪಿಯಾನೋ ಕೃತಿಗಳೂ

ಮೈಸೂರು ಸಂಸ್ಥಾನದ ಕಡೆಯ ಅರಸರಾದ ಶ್ರೀ ಜಯಚಾಮರಾಜೇಂದ್ರ ಒಡೆಯರವರು (1919–1974), ‘ಶ್ರೀವಿದ್ಯಾ’ ಅಂಕಿತದ ವಾಗ್ಗೇಯಕಾರರಾಗಿದ್ದಂತೆಯೇ ಪಾಶ್ಚಾತ್ಯ ಸಂಗೀತದಲ್ಲಿಯೂ ಪರಿಣತರಾಗಿದ್ದು, ರಮ್ಯ ಪರಂಪರೆಯ ರಷ್ಯನ್ ಪಿಯಾನೋ ರಚನಕಾರನಾದ ನಿಕೊಲಾಯ್ ಮೆಟ್ನರನಿಗೆ (1880–1951) ಆಶ್ರಯದಾತರಾದರು.

ಅವರ ದ್ರವ್ಯಸಹಾಯದಿಂದ 1940ರ ದಶಕದ ಉತ್ತರಾರ್ಧದಲ್ಲಿ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ರೂಪುಗೊಂಡು, ವೃದ್ಧನಾಗಿದ್ದ ಆ ಕಲಾವಿದನು ತನ್ನ ಕೃತಿಗಳನ್ನು ತಾನೇ ನುಡಿಸಿ ಹಿಸ್ ಮಾಸ್ಟರ್ಸ್ ವಾಯ್ಸ್ ಧ್ವನಿಮುದ್ರಿಕೆಗಳಲ್ಲಿ ಉಳಿಸಿದನು; ಕೃತಜ್ಞತೆಯಿಂದ ತನ್ನ 3ನೆಯ ಪಿಯಾನೋ ಕನ್ಚರ್ಟೋವನ್ನು ಮಹಾರಾಜರಿಗೆ ಅರ್ಪಿಸಿದನು.

ಪ್ರಾಚೀನ ಕಾವ್ಯವನ್ನು ಪರಿಷ್ಕರಿಸುವವರು ಓಲೆಗರಿಗಳ ಪಾಠಾಂತರಗಳನ್ನು ತೂಗಿನೋಡುವಂತೆ, ಸಂಗೀತವಿದ್ವಾಂಸರು ಪಿಯಾನೋ ಕೃತಿಗಳ ಆದಿಮುದ್ರಣಗಳನ್ನು ಹೋಲಿಸುವರು: ಪ್ಯಾರಿಸ್, ಲೈಪ್‌ಜಿಗ್, ಲಂಡನ್‌ಗಳಲ್ಲಿ ಬೇರೆಬೇರೆಯಾಗಿ ಅಚ್ಚಾದ ಶೋಪ್ಯಾನನ ಅನೇಕ ಕೃತಿಗಳಲ್ಲಿ ಸ್ವರಗಳೂ ಸಂಜ್ಞೆಗಳೂ ಅಲ್ಲಲ್ಲಿ ಭಿನ್ನವಾಗಿವೆ, ಆ ಭೇದಗಳನ್ನು ನಿರ್ಣಯಿಸಲು ಶೋಪ್ಯಾನನ ವಾದನದ ಧ್ವನಿಮುದ್ರಣವೊಂದೂ ಇಲ್ಲ. ಮೆಟ್ನರನ ವಿಷಯದಲ್ಲಾದರೋ, 1959ರಿಂದ 1963ರವರೆಗೆ ಮಾಸ್ಕೋದಲ್ಲಿ 12 ಸಂಪುಟಗಳಾಗಿ ಪ್ರಕಟವಾದ ಸಮಗ್ರ ಕೃತಿಗಳ ಸ್ವರಲಿಪಿಯೊಡನೆ ಹೋಲಿಸಿನೋಡಲು ಕರ್ತೃವಿನ ಕೈಯಿಂದ ಹೊಮ್ಮಿದ ನಾದವೇ ಲಭ್ಯವಿದೆ.

ಮುದ್ರಿತ ಪತ್ರಕ್ಕೆ ಇಂತಹ ಜೀವಂತ ಸಾಕ್ಷ್ಯವನ್ನು ಒದಗಿಸಿಕೊಟ್ಟುದು ಕನ್ನಡ ನಾಡಿನ ಅರಸರೊಬ್ಬರ ಔದಾರ್ಯ.