ವಿಜಯನಗರದ ಅರಮನೆಯಲ್ಲಿ ಲೆಕ್ಕ ಬರೆಯುತ್ತಿದ್ದ ಹೆಂಗಸರು



ಹೊರನಾಡಿನ ಯಾವ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹೋದರೂ ಮಕ್ಕಳ ವೇಷಭೂಷಣ ಸ್ಪರ್ಧೆಯಲ್ಲಿ ಇಬ್ಬರು ಕಿತ್ತೂರು ಚೆನ್ನಮ್ಮರೂ ಒಬ್ಬ ಒನಕೆ ಓಬವ್ವೆಯೂ ಇದ್ದೇ ಇರುತ್ತಾರೆ. ಖಡ್ಗ ರಟ್ಟಿನದು, ಒನಕೆ ಕಾಗದದ ಸುರುಳಿಯದು. ಮಕ್ಕಳ ಕಣ್ಣಿನ ಕಾಂತಿ ಮಾತ್ರ ನಿಜವಾದದ್ದು. 1824ರಲ್ಲಿ ಥ್ಯಾಕರೆಯ ಸೈನ್ಯವನ್ನು ಎದುರಿಸಿದ ರಾಣಿಯನ್ನು ಸ್ಮರಿಸುವುದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ನಮ್ಮ ನೆನಪಿನಲ್ಲಿ ಉಳಿದವರೆಲ್ಲ ಆಪತ್ಕಾಲದ ವೀರೆಯರೇ. ಗಂಡಸರ ಕೆಲಸವೆಂದು ಲೋಕ ತಿಳಿದದ್ದನ್ನು ದಿನನಿತ್ಯದ ಅಭ್ಯಾಸವಾಗಿ, ಯಾವ ಸದ್ದೂ ಇಲ್ಲದೆ ಮಾಡಿಕೊಂಡು ಬಂದವರನ್ನು ನಾವು ಮರೆತಿದ್ದೇವೆ. ಅಂಥವರನ್ನು ಕುರಿತು ನಾಲ್ಕು ಮಾತು ಹೇಳುವುದು ಇಂದಿನ ಉದ್ದೇಶ.

ಕೃಷ್ಣದೇವರಾಯನ ಕಾಲದಲ್ಲಿ ಡೊಮಿಂಗೊ ಪಾಯೆಸ್, ಅಚ್ಯುತರಾಯನ ಕಾಲದಲ್ಲಿ ಫೆರ್ನಾವೊ ನೂನಿಜ್ ಎಂಬ ಇಬ್ಬರು ಪೋರ್ಚುಗೀಸರು ವಿಜಯನಗರದಲ್ಲಿದ್ದರು. ನೂನಿಜ್ ಕುದುರೆ ವ್ಯಾಪಾರಿ. ಇವರಿಬ್ಬರ ಬರಹಗಳು ರಾಬರ್ಟ್ ಸ್ಯೂಯೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಇಂಗ್ಲಿಷಿನಲ್ಲಿ ದೊರೆತವು. ಖಡ್ಗ ಗುರಾಣಿಗಳನ್ನು ಬಳಸಬಲ್ಲ ಹೆಂಗಸರು, ಕುಸ್ತಿಯಾಡುವ ಹೆಂಗಸರು, ಕಹಳೆಯೂದುವ ಹೆಂಗಸರು ಅರಮನೆಯಲ್ಲಿದ್ದರೆಂದು ಪಾಯೆಸ್ ಹೇಳುತ್ತಾನೆ. ನೂನಿಜ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅರಮನೆಯ ಬಾಗಿಲೊಳಗಿನ ಖರ್ಚನ್ನೆಲ್ಲ ಬರೆದಿಡುವವರು ಹೆಂಗಸರು. ರಾಜ್ಯದ ವಿದ್ಯಮಾನಗಳನ್ನು ಬರೆಯುವ ಹೆಂಗಸರು ಬೇರೆಯೇ ಇದ್ದರು. ಅವರು ತಮ್ಮ ಪುಸ್ತಕಗಳನ್ನು ಹೊರಗಿನ ಬರಹಗಾರರ ಪುಸ್ತಕಗಳೊಂದಿಗೆ ತಾಳೆ ನೋಡುತ್ತಿದ್ದರು. ನ್ಯಾಯ ವಿಚಾರಿಸುವವರೂ ರಾತ್ರಿಯೆಲ್ಲ ಅರಮನೆಯನ್ನು ಕಾಯುವವರೂ ಹೆಂಗಸರೇ ಎಂದು ಆತ ಕೇಳಿ ಬರೆದಿದ್ದಾನೆ.

ಈ ಪಟ್ಟಿಯಲ್ಲಿ ಓದುಗರ ಕಣ್ಣು ಸಹಜವಾಗಿ ಕುಸ್ತಿಯ ಮೇಲೆ ನಿಲ್ಲುತ್ತದೆ. ನಮ್ಮ ಕಣ್ಣು ನಿಂತದ್ದು ತಾಳೆ ನೋಡುವ ಮಾತಿನ ಮೇಲೆ. ಕುಸ್ತಿ ಉತ್ಸವದ ನೋಟ. ಲೆಕ್ಕವಾದರೋ ಪ್ರತಿದಿನದ ದುಡಿಮೆ. ಅಕ್ಕಿ ಎಷ್ಟು ಬಂತು, ಎಣ್ಣೆ ಎಷ್ಟು ಸುಟ್ಟಿತು, ಯಾರಿಗೆ ಏನು ಸಂದಿತು ಎಂಬುದನ್ನು ಅಂದಂದಿಗೆ ಬರೆಯದೆ ಅಂಥ ಅರಮನೆ ನಡೆಯುವುದಿಲ್ಲ. ಎರಡು ಪುಸ್ತಕಗಳನ್ನು ಎದುರುಬದುರು ಇಟ್ಟು ನೋಡುವುದೆಂದರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಸಿಕ್ಕಿಬೀಳುವುದು ಎಂದೇ ಅರ್ಥ. ಹೊರಗಿನ ಕರಣಿಕನ ಲೆಕ್ಕ ತಪ್ಪಿದೆಯೆಂದು ಹೇಳಬಲ್ಲ ಹೆಂಗಸು ಒಳಗೆ ಕುಳಿತಿದ್ದಳು.

ಅವರು ಬರೆಯುತ್ತಿದ್ದುದು ಯಾವುದರ ಮೇಲೆ? 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದಿದ್ದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿಯ ಎರಡು ಬಗೆಯ ಬರವಣಿಗೆಯನ್ನು ವರ್ಣಿಸಿದ್ದಾನೆ. ಕಬ್ಬಿಣದ ಕಂಠದಿಂದ ಗರಿಯ ಮೇಲೆ ಕೊರೆಯುವುದು ಒಂದು. ಬಿಳಿಯ ಹಾಳೆಗೆ ಕಪ್ಪು ಬಳಿದು, ಲೇಖನಿಯಂತೆ ಕತ್ತರಿಸಿದ ಮೆದುಗಲ್ಲಿನಿಂದ ಬರೆಯುವುದು ಇನ್ನೊಂದು. ಕಪ್ಪಿನ ಮೇಲೆ ಅಕ್ಷರ ಬೆಳ್ಳಗೆ ಮೂಡುತ್ತದೆ. ಇದು ನಮ್ಮ ಕಡತ ಮತ್ತು ಬಳಪವಲ್ಲದೆ ಬೇರೇನು? ನೂನಿಜ್ ಕೇಳಿದ ಹೆಂಗಸರ ಪುಸ್ತಕಗಳೂ ಕಡತಗಳೇ ಆಗಿದ್ದಿರಬೇಕೆಂದು ನಮ್ಮ ಊಹೆ. ನಮ್ಮ ಅಜ್ಜಿಯವರು ಹಾಲಿನ ಲೆಕ್ಕವನ್ನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನ ಗೆರೆಗಳಲ್ಲಿ ಇಡುತ್ತಿದ್ದರು. ತಿಂಗಳ ಕೊನೆಗೆ ಹಾಲಿನವನು ಒಪ್ಪುತ್ತಿದ್ದುದು ಆ ಗೆರೆಗಳನ್ನೇ, ಅಜ್ಜನವರ ನೋಟುಪುಸ್ತಕವನ್ನಲ್ಲ!

ಇಷ್ಟು ಕೇಳಿ ವಿಜಯನಗರವು ಸ್ತ್ರೀಯರ ಸ್ವರ್ಗವಾಗಿತ್ತೆಂದು ಯಾರೂ ಭಾವಿಸಬಾರದು. ಅಭಿಮಾನದ ಭರದಲ್ಲಿ ನಮ್ಮ ವೇದಿಕೆಗಳ ಮೇಲೆ ಇಂಥ ಮಾತು ಸುಲಭವಾಗಿ ಹೊರಡುತ್ತದೆ. ಅರಮನೆಯ ಹೆಂಗಸರ ಸಂಖ್ಯೆ ಹನ್ನೆರಡು ಸಾವಿರವೆಂದು ಪಾಯೆಸ್ ಹೇಳುವುದು ಕೇಳಿದ ಮಾತು. ಅಂತಃಪುರದ ಒಳಗನ್ನು ಪರದೇಶಿಗಳು ಕಂಡವರಲ್ಲ. ಲೆಕ್ಕದ ಹೆಂಗಸರನ್ನು ಹೊಗಳಿದ ಅದೇ ನೂನಿಜ್ ಗಂಡನೊಡನೆ ಚಿತೆಯೇರುವ ಹೆಂಗಸರನ್ನೂ ವಿವರವಾಗಿ ವರ್ಣಿಸಿದ್ದಾನೆ. ಬಳೆ ತೊಟ್ಟ ಕೈಯನ್ನು ಎತ್ತಿಹಿಡಿದ ಮಾಸ್ತಿಕಲ್ಲುಗಳು ಕನ್ನಡನಾಡಿನ ಊರೂರಲ್ಲಿ ನಿಂತಿವೆ. ಒಂದೇ ನಗರದಲ್ಲಿ ಒಂದು ಕೈಗೆ ಬಳಪ, ಇನ್ನೊಂದಕ್ಕೆ ಬೆಂಕಿ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಅದು ಚರಿತ್ರೆಯಾಗದು.

ಈ ಪದ್ಧತಿ ವಿಜಯನಗರದ ಅರಮನೆಯಲ್ಲಿ ಇದ್ದಕ್ಕಿದ್ದಂತೆ ಹುಟ್ಟಿದ್ದೂ ಅಲ್ಲ. ರಾಷ್ಟ್ರಕೂಟರ ಕಾಲದಲ್ಲಿ, 911ರ ಸುಮಾರಿಗೆ, ನಾಗರಖಂಡದ ನಾಳ್ಗಾವುಂಡನಾಗಿದ್ದ ಗಂಡ ಸತ್ತಾಗ ಆ ಅಧಿಕಾರ ಜಕ್ಕಿಯಬ್ಬೆಗೆ ಬಂದಿತು. ಬಂದಳಿಕೆಯ ಶಾಸನ ಆಕೆಯ ಆಡಳಿತದ ಜಾಣ್ಮೆಯನ್ನು ಮೆಚ್ಚಿ ಹೇಳುತ್ತದೆ. ವ್ಯಾಧಿಗೆ ಗುರಿಯಾದಾಗ ಆಕೆ ಅಧಿಕಾರವನ್ನು ಒಪ್ಪಿಸಿದ್ದು ಮಗಳಿಗೆ. ಆಮೇಲೆ ಜೈನ ವಿಧಿಯಂತೆ ದೇಹವನ್ನು ಬಿಟ್ಟಳು. ಕಲ್ಲು ಇದ್ದುದರಿಂದ ಜಕ್ಕಿಯಬ್ಬೆಯ ಹೆಸರು ಉಳಿಯಿತು. 1565ರ ಯುದ್ಧದ ನಂತರ ಹಾಳಾದ ವಿಜಯನಗರದ ಅರಮನೆಯ ಕಡತಗಳಲ್ಲಿ ಒಂದೂ ನಮಗೆ ದೊರೆತಿಲ್ಲ. ತಾಳೆ ನೋಡಿದವಳ ಹೆಸರು ಲಕ್ಕಮ್ಮನೋ ತಿಮ್ಮಮ್ಮನೋ, ಯಾರು ಬಲ್ಲರು?

ಆದರೂ ಅವರ ಕಾಲದ ಹೆಂಗಸರನ್ನು ನೋಡುವ ಒಂದು ಸ್ಥಳವಿದೆ. ರಜೆಯಲ್ಲಿ ಮಕ್ಕಳನ್ನು ಊರಿಗೆ ಕರೆದೊಯ್ಯುವವರು ಹಂಪಿಯಲ್ಲಿ ಕಲ್ಲಿನ ರಥದ ಮುಂದೆ ಚಿತ್ರ ತೆಗೆಸಿಕೊಂಡು ಹಿಂದಿರುಗುವುದು ರೂಢಿ. ಮಹಾನವಮಿ ದಿಬ್ಬದ ಬಳಿಯೂ ಅರ್ಧ ಗಂಟೆ ನಿಲ್ಲಿರಿ. ಅದರ ಗೋಡೆಯ ಪಟ್ಟಿಕೆಗಳಲ್ಲಿ ಆನೆ ಕುದುರೆಗಳ ಸಾಲಿನ ನಡುವೆ, ಬಿಲ್ಲು ಹಿಡಿದು ಬೇಟೆಯಾಡುವ ಹೆಂಗಸರಿದ್ದಾರೆ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು. ಬಿಸಿಲು ನೆತ್ತಿಗೆ ಬಂದ ಮೇಲೆ ಆ ಸವೆದ ಗೆರೆಗಳು ಕಾಣುವುದು ಕಷ್ಟ.